ನೆಲ ಹೇಳಿದ್ದನ್ನ ಬರೆದುಕೊಂಡವರು ಯಾರು?

ಬೀದರ್ ಜಿಲ್ಲೆಯಲ್ಲಿ ಟಂಗ್‌ಸ್ಟನ್ ಗಣಿ ಇಲ್ಲ. ಆದರೆ ಟಂಗ್‌ಸ್ಟನ್ ಇಲ್ಲದೆ ಔರಾದ್‌ನಲ್ಲಿ ಒಂದೇ ಒಂದು ಬೋರ್‌ವೆಲ್ ಕೊರೆಯೋಕೂ ಆಗಲ್ಲ. ವಿಚಿತ್ರ ಅನ್ನಿಸ್ತಾ? ಹೇಳ್ತೀನಿ ಕೇಳಿ.

ಬೋರ್ ಲಾರಿ ಹೊಲಕ್ಕೆ ಬಂತು ಅಂದ್ರೆ ಎಲ್ಲರ ಕಣ್ಣು ಆ ಎತ್ತರದ ಕಬ್ಬಿಣದ ಕಂಬದ ಮೇಲೆ, ಕಿವಿ ಕಂಪ್ರೆಸರ್ ಸದ್ದಿನ ಮೇಲೆ. ನಿಜವಾದ ಕೆಲಸ ಮಾಡೋದು ಮಾತ್ರ ಪೈಪಿನ ತುದಿಯಲ್ಲಿರುವ ಆರೂವರೆ ಇಂಚಿನ ಬಿಟ್. ಆ ಬಿಟ್ಟಿನ ಮುಖದ ಮೇಲೆ ಗೋಲಿಯಂಥ ಗುಂಡಿಗಳನ್ನು ಕೂರಿಸಿರುತ್ತಾರೆ. ಅವು ಉಕ್ಕಿನವಲ್ಲ, ಟಂಗ್‌ಸ್ಟನ್ ಕಾರ್ಬೈಡ್‌ನವು. ಟಂಗ್‌ಸ್ಟನ್ನಿಗೆ ಇಂಗಾಲ ಸೇರಿಸಿ, ಆ ಪುಡಿಯನ್ನು ಕೋಬಾಲ್ಟ್ ಜತೆ ಒತ್ತಿ ಕಾಯಿಸಿ ಮಾಡಿದ ವಸ್ತು. ಬರೀ ಉಕ್ಕಾದರೆ ನಮ್ಮ ಬೀದರಿನ ಕಪ್ಪು ಕಲ್ಲಿನ ಮುಂದೆ ಬೇಗನೆ ಮೊಂಡಾಗುತ್ತೆ. ಇದು ಆಗಲ್ಲ.

1920ರ ದಶಕದಲ್ಲಿ ಜರ್ಮನಿಯವರು ಇದನ್ನು ಕಂಡುಹಿಡಿದು ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರು ‘ವಿಡಿಯಾ’. ಅವರ ಭಾಷೆಯಲ್ಲಿ ‘ವಜ್ರದ ಹಾಗೆ’ ಅನ್ನೋ ಎರಡು ಪದಗಳನ್ನು ಕತ್ತರಿಸಿ ಜೋಡಿಸಿದ ಹೆಸರು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಓಡಾಡಿದ ಹಳಬರಿಗೆ ವಿಡಿಯಾ ಕಾರ್ಖಾನೆ ಗೊತ್ತಿರುತ್ತೆ. ಹೆಸರಿನ ಹಿಂದಿನ ಕಥೆ ಇದು.

ಈಗ ಇಡೀ ದೇಶ ಟಂಗ್‌ಸ್ಟನ್ ಹುಡುಕ್ತಾ ಇದೆ. 2023ರಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಮಾಡಿತು, ಅದರಲ್ಲಿ ಟಂಗ್‌ಸ್ಟನ್ ಇದೆ. ಪ್ರಪಂಚದ ಟಂಗ್‌ಸ್ಟನ್ ಉತ್ಪಾದನೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಚೀನಾದ್ದು. 2025ರ ಫೆಬ್ರವರಿಯಲ್ಲಿ ಚೀನಾ ಅದರ ರಫ್ತಿನ ಮೇಲೆ ನಿಯಂತ್ರಣ ಹಾಕಿತು. ಆಮೇಲೆ ಎಲ್ಲೆಲ್ಲಿ ಟಂಗ್‌ಸ್ಟನ್ ಇರಬಹುದು ಅನ್ನೋ ಗುಮಾನಿ ಇದೆಯೋ ಅಲ್ಲೆಲ್ಲ ಕೊರೆಯುವ ಯಂತ್ರಗಳಿಗೆ ಕೆಲಸ ಹೆಚ್ಚಾಯಿತು. ‘ಕೊರೆತದ ಫಲಿತಾಂಶ ಬಂತು, ಭರ್ಜರಿ ನಿಕ್ಷೇಪ ಪತ್ತೆ’ ಅಂತ ಸುದ್ದಿಗಳೂ ಬರೋಕೆ ಶುರುವಾದವು. ಅದಕ್ಕೇ ಇವತ್ತು ಕೇಳ್ತಿರೋದು: ನೆಲಕ್ಕೆ ಒಂದು ತೂತು ಕೊರೆದರೆ ನಮಗೆ ಏನು ಗೊತ್ತಾಗುತ್ತೆ? ಏನು ಗೊತ್ತಾಗಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಬೀದರಿಗಿಂತ ಒಳ್ಳೆಯ ಜಾಗ ಇಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತೆ.

ಯುದ್ಧದ ಲೋಹ

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಟಂಗ್‌ಸ್ಟನ್ ಅಂದರೆ ಸ್ವೀಡನ್ನಿನ ಭಾಷೆಯಲ್ಲಿ ‘ಭಾರದ ಕಲ್ಲು’. 1781ರಲ್ಲಿ ಅಲ್ಲಿನ ರಸಾಯನಶಾಸ್ತ್ರಜ್ಞ ಶೀಲೆ ಆ ಕಲ್ಲಿನಿಂದ ಹೊಸ ಆಮ್ಲ ತೆಗೆದ. ಎರಡು ವರ್ಷದ ನಂತರ ಸ್ಪೇನಿನ ಎಲುಯಾರ್ ಸಹೋದರರು ಲೋಹವನ್ನೇ ಬೇರ್ಪಡಿಸಿದರು. 3,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಕರಗುವ ಲೋಹ ಇದು. ಹಳೇ ಬಲ್ಬಿನೊಳಗೆ ಉರಿಯುತ್ತಿದ್ದ ತಂತಿ ಇದೇ.

ಇದರ ನಿಜವಾದ ಬೆಲೆ ಗೊತ್ತಾಗಿದ್ದು ಮೊದಲ ಮಹಾಯುದ್ಧದಲ್ಲಿ. ಟಂಗ್‌ಸ್ಟನ್ ಬೆರೆಸಿದ ಉಕ್ಕಿನಿಂದ ಮಾಡಿದ ಉಪಕರಣ ಕೆಂಪಗೆ ಕಾದರೂ ಹರಿತ ಕಳೆದುಕೊಳ್ಳಲ್ಲ. ಅಂದ್ರೆ ಫಿರಂಗಿ, ಗುಂಡು ತಯಾರಿಸುವ ಕಾರ್ಖಾನೆಗಳು ಎಷ್ಟೋ ಪಟ್ಟು ವೇಗವಾಗಿ ಓಡ್ತವೆ. 1914ರಲ್ಲಿ ಬ್ರಿಟಿಷರಿಗೆ ಶಾಕ್ ಆಯಿತು. ಅದಿರು ಬರ್ತಿದ್ದದ್ದು ತಮ್ಮದೇ ಸಾಮ್ರಾಜ್ಯದಿಂದ, ಅದನ್ನು ಶುದ್ಧ ಮಾಡ್ತಿದ್ದದ್ದು ಜರ್ಮನಿ! ತಕ್ಷಣ ಅವರು ತಿರುಗಿದ್ದು ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದ ಕಡೆಗೆ. ಅಲ್ಲಿನ ತವಾಯ್ ಪ್ರದೇಶ ಯುದ್ಧ ನಡೆದಷ್ಟು ದಿನವೂ ಟಂಗ್‌ಸ್ಟನ್ ಕೊಟ್ಟಿತು. ರಾಜಸ್ಥಾನದ ದೇಗಾನಾದಲ್ಲಿ ಟಂಗ್‌ಸ್ಟನ್ ಅದಿರು ಸಿಕ್ಕಿದ್ದೂ ಅದೇ ಹೊತ್ತಿನಲ್ಲಿ.

ನಮ್ಮ ರಾಜ್ಯದ ಕಥೆ ಏನು? ಕೋಲಾರದ ಚಿನ್ನದ ಗಣಿಯಲ್ಲಿ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಜತೆಗೆ ಶೀಲೈಟ್ ಅನ್ನೋ ಖನಿಜ ಇದೆ. ಅದು ಟಂಗ್‌ಸ್ಟನ್ ಅದಿರು. ಹಗಲಲ್ಲಿ ನೋಡಿದರೆ ಸಾಮಾನ್ಯ ಬಿಳಿ ಕಲ್ಲು. ಕತ್ತಲೆಯಲ್ಲಿ ಅತಿನೇರಳೆ ದೀಪ ಹಿಡಿದರೆ ನೀಲಿಯಾಗಿ ಹೊಳೆಯುತ್ತೆ. ಭಾರತೀಯ ಗಣಿ ಬ್ಯೂರೋ ಲೆಕ್ಕದ ಪ್ರಕಾರ ದೇಶದ ಟಂಗ್‌ಸ್ಟನ್ ಸಂಪನ್ಮೂಲದಲ್ಲಿ ಅತಿ ದೊಡ್ಡ ಪಾಲು, ಸುಮಾರು ಶೇ. 42, ಕರ್ನಾಟಕದ್ದೇ.

ಖುಷಿಪಡೋಕೆ ಮುಂಚೆ ಅದೇ ಲೆಕ್ಕದ ಇನ್ನೊಂದು ಸಾಲು ನೋಡಿ. ದೇಶದಲ್ಲಿ ಅದಿರು ಸುಮಾರು 9 ಕೋಟಿ ಟನ್. ಅದರೊಳಗಿರುವ ಟಂಗ್‌ಸ್ಟನ್ ಆಕ್ಸೈಡ್ ಸುಮಾರು 1.4 ಲಕ್ಷ ಟನ್. ಅಂದ್ರೆ ಒಂದು ಟನ್ ಕಲ್ಲು ಒಡೆದರೆ ಸಿಗೋದು ಒಂದೂವರೆ ಕಿಲೋ ಆಸುಪಾಸು. ‘ಸಂಪನ್ಮೂಲ’ ಅನ್ನೋದು ನೆಲದಲ್ಲಿ ಇದೆ ಅನ್ನೋ ಲೆಕ್ಕ. ತೆಗೆದರೆ ಲಾಭ ಬರುತ್ತೆ ಅಂತ ಸಾಬೀತಾದದ್ದನ್ನು ‘ಮೀಸಲು’ ಅಂತಾರೆ. ಎರಡೂ ಒಂದೇ ಅಲ್ಲ. ಹೊಲದಲ್ಲಿ ನಿಂತ ತೊಗರಿಗೂ ಮನೆಗೆ ಬಂದ ತೊಗರಿಗೂ ಎಷ್ಟು ವ್ಯತ್ಯಾಸವೋ ಅಷ್ಟು.

ಒಂದು ತೂತು ಏನು ಹೇಳುತ್ತೆ?

ನಾನು ಎಂಜಿನಿಯರಿಂಗ್ ಓದಿದವನು. ಆ ಓದು ಕಲಿಸಿದ ಒಂದು ಅಭ್ಯಾಸ ಇದೆ. ಯಾರಾದರೂ ಒಂದು ಸಂಖ್ಯೆ ಹೇಳಿದರೆ, ಅದನ್ನು ಹೇಗೆ ಅಳೆದಿರಿ ಅಂತ ಕೇಳೋದು.

ಖನಿಜ ಹುಡುಕೋಕೆ ಕೊರೆಯುವ ತೂತು ಬೋರ್‌ವೆಲ್ ಥರ ಅಲ್ಲ. ಬೋರ್‌ವೆಲ್‌ನಲ್ಲಿ ಕಲ್ಲು ಪುಡಿಯಾಗಿ ಗಾಳಿಯ ಜತೆ ಮೇಲೆ ಹಾರುತ್ತೆ. ಅಲ್ಲಿ ವಜ್ರದ ಚೂರು ಕೂರಿಸಿದ ಬಳೆಯಂಥ ಬಿಟ್ ಸುತ್ತಲೂ ಕೊರೀತಾ ಹೋಗುತ್ತೆ, ಮಧ್ಯದ ಕಲ್ಲು ಕಬ್ಬಿನ ಜಲ್ಲೆ ಹಾಗೆ ಇಡಿಯಾಗಿ ಹೊರಗೆ ಬರುತ್ತೆ. ಇದಕ್ಕೆ ಕೋರ್ ಅಂತಾರೆ. ಅದನ್ನು ಉದ್ದನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಪ್ರತಿ ತುಂಡಿಗೂ ಆಳ ಬರೆದು, ಭೂವಿಜ್ಞಾನಿ ಪಕ್ಕದಲ್ಲಿ ಕೂತು ಕಲ್ಲಿನ ಬಣ್ಣ, ಬಿರುಕು, ಖನಿಜ ಎಲ್ಲ ದಾಖಲಿಸುತ್ತಾನೆ. ಆಮೇಲೆ ಅದನ್ನು ಉದ್ದುದ್ದ ಸೀಳಿ ಅರ್ಧ ಪ್ರಯೋಗಾಲಯಕ್ಕೆ ಕಳಿಸ್ತಾರೆ, ಉಳಿದರ್ಧ ಪೆಟ್ಟಿಗೆಯಲ್ಲೇ ಇಡ್ತಾರೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಮತ್ತೆ ನೋಡೋಕೆ.

ಹಾಗಾಗಿ ‘ಕೊರೆತದ ಫಲಿತಾಂಶ’ ಅನ್ನೋ ಸುದ್ದಿ ಕೇಳಿದ ತಕ್ಷಣ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ತೂತು ಕೊರೆದರು? ಒಂದಕ್ಕೂ ಇನ್ನೊಂದಕ್ಕೂ ಎಷ್ಟು ದೂರ? ಒಂದು ಟನ್ನಿಗೆ ಎಷ್ಟು ಸಿಕ್ತು? ತೂತು ಅದಿರಿನ ಪಟ್ಟಿಯನ್ನು ಅಡ್ಡವಾಗಿ ದಾಟಿತೋ, ಓರೆಯಾಗಿ ದಾಟಿತೋ? ಕೊನೆಯದು ಮುಖ್ಯ. ಸೌತೆಕಾಯಿಯನ್ನು ನೇರ ಕತ್ತರಿಸಿದರೆ ಸಣ್ಣ ಬಿಲ್ಲೆ, ಓರೆಯಾಗಿ ಕತ್ತರಿಸಿದರೆ ಉದ್ದನೆ ಹೋಳು. ಕಾಯಿ ಮಾತ್ರ ಅಷ್ಟೇ ದಪ್ಪ. ಓರೆ ತೂತಿನಲ್ಲಿ ಹತ್ತು ಮೀಟರ್ ಅದಿರು ಸಿಕ್ಕಿತು ಅಂದರೆ ನಿಜವಾದ ಪಟ್ಟಿ ನಾಲ್ಕೈದು ಮೀಟರ್ ಇರಬಹುದು.

ನಮ್ಮ ದೇಶದಲ್ಲಿ ಇದಕ್ಕೆ ಜಿ4, ಜಿ3, ಜಿ2, ಜಿ1 ಅಂತ ನಾಲ್ಕು ಮೆಟ್ಟಿಲು ಇವೆ. ಜಿ4 ಅಂದ್ರೆ ಮೇಲ್ಮೇಲಿನ ಹುಡುಕಾಟ. ಜಿ1 ಅಂದ್ರೆ ಹತ್ತಿರ ಹತ್ತಿರ ಕೊರೆದು, ಅಳೆದು, ಸಾಬೀತು ಮಾಡಿದ್ದು. ಟಿವಿ ಪರದೆ ಮೇಲೆ ಮಾತ್ರ ನಾಲ್ಕೂ ಒಂದೇ ಥರ ಕಾಣ್ತವೆ: ‘ನಿಧಿ ಪತ್ತೆ!’

ಮಂಡ್ಯ ನೆನಪಿದೆಯಾ? 2020ರ ಫೆಬ್ರವರಿಯಲ್ಲಿ ಮರಳಗಾಲದ ಬಳಿ 14,100 ಟನ್ ಲಿಥಿಯಂ ಇರಬಹುದು ಅನ್ನೋ ಅಂದಾಜು ಸುದ್ದಿಯಾಯಿತು. ಒಂದೇ ವರ್ಷಕ್ಕೆ, 2021ರ ಫೆಬ್ರವರಿಯಲ್ಲಿ, ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ 1,600 ಟನ್. ಅದೂ ‘ಊಹಿತ’ ದರ್ಜೆಯದು. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅಂದರು. ದೇಶವೇ ಕುಣಿಯಿತು. ಅದು ಜಿ3 ಹಂತ. ಹರಾಜಿಗೆ ಇಟ್ಟಾಗ ಬೇಕಾದಷ್ಟು ಬಿಡ್ಡುದಾರರೇ ಬರಲಿಲ್ಲ, ಹರಾಜು ರದ್ದಾಯಿತು. ಯಾರೂ ಸುಳ್ಳು ಹೇಳಿರಲಿಲ್ಲ. ಮೊದಲ ಮೆಟ್ಟಿಲಲ್ಲಿ ನಿಂತವನನ್ನು ಮಾಳಿಗೆ ಹತ್ತಿದ ಅಂತ ತಿಳಿದುಕೊಂಡೆವು, ಅಷ್ಟೇ.

ಟಂಗ್‌ಸ್ಟನ್ ವಿಷಯದಲ್ಲೇ ಮದುರೈ ಉದಾಹರಣೆ ಇದೆ. 2024ರ ನವೆಂಬರ್‌ನಲ್ಲಿ ನಾಯಕ್ಕರ್‌ಪಟ್ಟಿ ಟಂಗ್‌ಸ್ಟನ್ ಬ್ಲಾಕ್ ಹರಾಜಾಯಿತು. ಸುಮಾರು 2,015 ಹೆಕ್ಟೇರ್. ಅದರೊಳಗೆ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಗಿದ್ದ ಅರಿಟ್ಟಾಪಟ್ಟಿಯೂ ಸೇರಿತ್ತು. ಹಳೇ ಶಾಸನ, ಜೈನ ಮುನಿಗಳ ಗುಹೆ, ಕಲ್ಲು ಕೊರೆದ ಗುಡಿ ಇರೋ ಊರು. ಹಳ್ಳಿಗರು ಬೀದಿಗಿಳಿದರು, ತಮಿಳುನಾಡು ವಿಧಾನಸಭೆ ನಿರ್ಣಯ ಮಾಡಿತು, 2025ರ ಜನವರಿ 23ಕ್ಕೆ ಕೇಂದ್ರ ಹರಾಜನ್ನೇ ರದ್ದು ಮಾಡಿತು. ನೆಲದ ಕೆಳಗೆ ಏನಿದೆ ಅಂತ ಪೂರ್ತಿ ಗೊತ್ತಾಗೋಕೆ ಮುಂಚೆ, ನೆಲದ ಮೇಲೆ ಏನಿದೆ ಅಂತ ನೋಡಬೇಕಿತ್ತು. ಅದನ್ನು ಸರಿಯಾಗಿ ನೋಡಿರಲಿಲ್ಲ.

ಕಿಲ್ಲಾರಿಯ ತೂತು

ಈಗ ಬೀದರಿಗೆ ಬರೋಣ. ಇಲ್ಲಿ ಯಾಕೆ ಟಂಗ್‌ಸ್ಟನ್ ಇಲ್ಲ? ಟಂಗ್‌ಸ್ಟನ್ ಇರೋದು ಸಾಮಾನ್ಯವಾಗಿ ಗ್ರಾನೈಟ್, ಬೆಣಚುಕಲ್ಲಿನ ಸಂದುಗಳಲ್ಲಿ. ಭಾಲ್ಕಿ, ಔರಾದ್ ನಿಂತಿರೋದು ಲಾವಾ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್‌ನಲ್ಲಿ ಲಾವಾ ಅಲೆಅಲೆಯಾಗಿ ಹರಿದು, ಆರಿ, ಮತ್ತೆ ಅದರ ಮೇಲೆ ಹರಿದು ಪದರ ಪದರವಾಗಿ ಕೂತಿತು. ಅದೇ ನಮ್ಮ ಕಪ್ಪು ಕಲ್ಲು, ಅದು ಸವೆದು ಆಗಿದ್ದೇ ನಮ್ಮ ಎರೆ ಭೂಮಿ.

ಹಾಗಾದರೆ ಲಾವಾದ ಕೆಳಗೆ ಏನಿದೆ? ಈ ಭಾಗದಲ್ಲಿ ಅದನ್ನು ಕಣ್ಣಾರೆ ತೋರಿಸಿದ್ದು ಒಂದು ದುರಂತ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಇತ್ತು. ಗಣೇಶನನ್ನು ಕಳಿಸಿ ದಣಿದು ಮಲಗಿದ್ದ ಜನ. ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ. ಬೀದರ್, ಕಲಬುರಗಿಯವರೂ ಆ ರಾತ್ರಿ ಮನೆ ಬಿಟ್ಟು ಹೊರಗೆ ಓಡಿ ಬಂದಿದ್ದರು. ಕಿಲ್ಲಾರಿ ನಮಗೆ ದೂರದ ಊರಲ್ಲ. ಭಾಲ್ಕಿಯಿಂದ ಪಶ್ಚಿಮಕ್ಕೆ ನೆಟ್ಟಗೆ ಗೆರೆ ಎಳೆದರೆ ನೂರು ಕಿಲೋಮೀಟರ್ ಒಳಗೇ ಸಿಗುತ್ತೆ. ಅದರ ಪಕ್ಕದ ನಿಲಂಗಾ, ಆಚೆಯ ಉದಗೀರ್, ಅಹ್ಮದ್‌ಪುರ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ನಕ್ಷೆ ಬೇರೆಯಾಯಿತು, ಕೆಳಗಿನ ಕಲ್ಲು ಬೇರೆಯಾಗಲಿಲ್ಲ.

ಭೂಕಂಪ ಆಗಲ್ಲ ಅಂತ ನಂಬಿದ್ದ ಗಟ್ಟಿ ನೆಲ ಅದು. ಯಾಕೆ ನಡುಗಿತು ಅಂತ ನೋಡೋಕೆ ಅಲ್ಲಿ ಒಂದು ತೂತು ಕೊರೆದರು. ಹೆಸರು ಕೆಎಲ್‌ಆರ್-1. ಆಳ 617 ಮೀಟರ್, ಅಂದರೆ ಎರಡು ಸಾವಿರ ಅಡಿ. ಹೊರಗೆ ಬಂದ ಕೋರ್ ಹೇಳಿದ್ದು ಇಷ್ಟು: ಮೇಲಿನ 338 ಮೀಟರ್ ಲಾವಾ. ಅದರ ಕೆಳಗೆ ಬರೀ 8 ಮೀಟರ್ ಹೂಳುಮಣ್ಣಿನ ಪದರ. ಲಾವಾ ಬಂದು ಮುಚ್ಚುವ ಮೊದಲು ಈ ನಾಡಿನ ಮೇಲ್ಮೈ ಅದೇ ಆಗಿತ್ತು. ಅದರ ಕೆಳಗೆ ಸುಮಾರು 270 ಮೀಟರ್ ಅತಿ ಪ್ರಾಚೀನ ಶಿಲೆ, 250 ಕೋಟಿ ವರ್ಷಕ್ಕೂ ಹಳೆಯದು.

ಹೈದರಾಬಾದ್‌ನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ಕೋರನ್ನು ಹದಿನೈದು ವರ್ಷ ಕಳೆದ ಮೇಲೂ ತೆಗೆದು ನೋಡಿದರು. ಆ ಕಲ್ಲು ಸಾಮಾನ್ಯವಾಗಿ ಹಲವು ಕಿಲೋಮೀಟರ್ ಆಳದಲ್ಲಿ ಹುಟ್ಟುವಂಥದ್ದು, ಇಷ್ಟು ಮೇಲೆ ಬಂದು ಕೂತಿದೆ ಅಂದರೆ ಈ ನೆಲ ಎಷ್ಟೋ ಎದ್ದಿದೆ, ಎಷ್ಟೋ ಸವೆದಿದೆ ಅಂತ ಹೇಳಿದರು. ನೋಡಿ, ಹೇಗಿದೆ! ತೂತು ಕೊರೆದಾಗ ಕೇಳಿರದ ಪ್ರಶ್ನೆಗೂ ಆಮೇಲೆ ಉತ್ತರ ಸಿಕ್ಕಿತು. ಯಾಕೆ? ಕಲ್ಲನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಆಳ ಬರೆದಿದ್ದರು. 2017ರಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಇದೇ ಕೆಲಸವನ್ನು 3,000 ಮೀಟರ್ ಆಳದವರೆಗೆ ಮಾಡಿದರು. ಅಲ್ಲಿ ಲಾವಾ ಪದರವೇ ಸಾವಿರದ ಇನ್ನೂರು ಮೀಟರ್ ದಾಟಿತ್ತು.

ಹಾಗಂತ ಭಾಲ್ಕಿಯ ಕೆಳಗೂ ಸರಿಯಾಗಿ 338 ಮೀಟರ್ ಲಾವಾ ಇದೆ ಅಂತ ಹೇಳೋಕಾಗಲ್ಲ. ಒಂದು ತೂತು ಒಂದು ಜಾಗಕ್ಕಷ್ಟೇ ಸಾಕ್ಷಿ. ಹತ್ತು ತೂತು ಸೇರಿದರೆ ಗೆರೆ, ನೂರು ಸೇರಿದರೆ ನಕ್ಷೆ.

ಸುರಂಗ ತೋಡಿದವರು

ಬೀದರಿನವರಿಗೆ ನೆಲ ಕೊರೆಯೋದು ಹೊಸದಲ್ಲ. ಹದಿನೈದನೇ ಶತಮಾನದಲ್ಲಿ ಬಹಮನಿಯರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಮೊದಲ ಪ್ರಶ್ನೆ ನೀರಿನದು. ಊರು ಇರೋದು ಎತ್ತರದ ಕೆಂಪು ಕಲ್ಲಿನ ದಿಬ್ಬದ ಮೇಲೆ, ನದಿ ಇರೋದು ಕೆಳಗೆ. ಆಗ ಪರ್ಷಿಯಾದ ವಿದ್ಯೆ ಬಂತು. ಕರೇಜ್, ನಮ್ಮ ಬಾಯಲ್ಲಿ ಸುರಂಗ ಬಾವಿ.

ಇದರ ಹಿಂದಿನ ಲೆಕ್ಕ ಸರಳ. ಕೆಂಪು ಜಂಬಿಟ್ಟಿಗೆ ಕಲ್ಲು ರಂಧ್ರಮಯ, ಮಳೆ ನೀರು ಸಲೀಸಾಗಿ ಇಳಿಯುತ್ತೆ. ಅದರ ಕೆಳಗೆ ಜೇಡಿ, ಅದರ ಕೆಳಗೆ ಕಪ್ಪು ಕಲ್ಲು. ಅಲ್ಲಿ ನೀರು ತಡೆದು ನಿಲ್ಲುತ್ತೆ. ನೀರು ನಿಲ್ಲುವ ಆ ಮಟ್ಟ ಹುಡುಕಿ, ಸ್ವಲ್ಪವೇ ಇಳಿಜಾರಿನಲ್ಲಿ ಸುರಂಗ ತೋಡಿದರೆ ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತೆ. ಮಧ್ಯೆ ಮಧ್ಯೆ ಮೇಲಿಂದ ಬಾವಿಗಳು, ಗಾಳಿಗೆ, ಮಣ್ಣು ಎತ್ತೋಕೆ. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ, ಹೀಗೆ ಮೂರು ಬೀದರಿನಲ್ಲಿವೆ. ಟಂಗ್‌ಸ್ಟನ್ ಇಲ್ಲ, ಕಂಪ್ರೆಸರ್ ಇಲ್ಲ. ಗುದ್ದಲಿ, ಉಳಿ, ಮತ್ತೆ ಪದರ ಓದುವ ಕಣ್ಣು.

ಆದರೆ ಆ ಕಣ್ಣು ಕಂಡಿದ್ದು ಮುಂದಿನವರಿಗೆ ತಲುಪಲಿಲ್ಲ. ಸುರಂಗದಲ್ಲಿ ಹೂಳು ತುಂಬಿತು, ಗಾಳಿಬಾವಿಗಳು ಕಸದ ಗುಂಡಿಗಳಾದವು, ಕೆಲವು ಕಟ್ಟಡಗಳ ಅಡಿ ಸೇರಿದವು. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಬಂದು ಅಳೆದು ನಕ್ಷೆ ಮಾಡಬೇಕಾಯಿತು. 2015ರ ಸುಮಾರಿಗೆ ನೌಬಾದ್‌ನ ಹೂಳು ತೆಗೆದಾಗ ನೀರು ಮತ್ತೆ ಕಾಣಿಸಿತು. ಐನೂರು ವರ್ಷದ ಹಿಂದಿನವರಿಗೆ ಗೊತ್ತಿದ್ದದ್ದನ್ನು ನಾವು ಮತ್ತೆ ಮೊದಲಿಂದ ಕಲಿತೆವು.

ನಮ್ಮ ಕಾಲದ ತೂತುಗಳು

ಇವತ್ತಿಗೆ ಬನ್ನಿ. ಭಾಲ್ಕಿ, ಔರಾದ್ ಹೊಲಗಳಲ್ಲಿ ಎಷ್ಟು ಬೋರ್ ಕೊರೆದಿದ್ದಾರೆ? ಒಂದೊಂದು ಹೊಲದಲ್ಲಿ ಎರಡು, ಮೂರು. ನಾನೂರು ಅಡಿ, ಆರುನೂರು ಅಡಿ, ಇನ್ನೂ ಕೆಳಗೆ. ಪ್ರತಿಯೊಂದೂ ಒಂದು ಪರೀಕ್ಷಾ ಕೊರೆತವೇ. ಮೇಲಿನ ಮಣ್ಣು ಎಲ್ಲಿಗೆ ಮುಗಿಯಿತು, ಗಟ್ಟಿ ಕಲ್ಲು ಎಲ್ಲಿ ಬಂತು, ಎರಡು ಲಾವಾ ಪದರದ ನಡುವಿನ ಕೆಂಪು ಮಣ್ಣು ಎಷ್ಟು ಅಡಿಗೆ ಸಿಕ್ಕಿತು, ನೀರಿನ ಪಸೆ ಎಲ್ಲಿ ಕಾಣಿಸಿತು, ಎಲ್ಲವೂ ಆ ಹಾರುವ ಪುಡಿಯಲ್ಲೇ ಇದೆ. ನೆಲ ಹೇಳ್ತಾನೇ ಇದೆ.

ಬರೆದುಕೊಂಡವರು ಯಾರು? ಲಾರಿಯವನ ಬಿಲ್ಲಿನಲ್ಲಿ ಎಷ್ಟು ಅಡಿ, ಅಡಿಗೆ ಎಷ್ಟು ರೂಪಾಯಿ, ಕೇಸಿಂಗ್ ಪೈಪ್ ಎಷ್ಟು ಅಂತ ಇರುತ್ತೆ. ರೈತನ ನೆನಪಿನಲ್ಲಿ ಎರಡೇ ಫಲಿತಾಂಶ: ‘ನೀರು ಬಿತ್ತು’, ‘ಫೇಲ್ ಆಯ್ತು’. ಫೇಲ್ ಆದರೆ ಸಾಲ ಉಳಿಯುತ್ತೆ, ತೂತು ಉಳಿಯುತ್ತೆ, ಮಾಹಿತಿ ಉಳಿಯಲ್ಲ. ಹಾಗಾಗಿ ಪಕ್ಕದ ಹೊಲದವನು ಮುಂದಿನ ವರ್ಷ ಮತ್ತೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವನನ್ನೇ ಕರೀತಾನೆ. ತಪ್ಪು ಅವನದ್ದಲ್ಲ. ಅವನ ಕೈಗೆ ಬೇರೆ ಯಾವ ಆಧಾರವನ್ನೂ ನಾವು ಕೊಟ್ಟಿಲ್ಲ.

ತೂತು ಸುದ್ದಿಯಾಗೋದು ಎರಡೇ ಸಲ. ಖನಿಜ ಸಿಕ್ಕಿದಾಗ, ಇಲ್ಲ ಮಗು ಬಿದ್ದಾಗ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತ ಮೇಲೆತ್ತುವ ತನಕ ಇಡೀ ರಾಜ್ಯ ಟಿವಿ ಮುಂದೆ ಉಸಿರು ಹಿಡಿದು ಕೂತಿತ್ತು. ಮಗು ಉಳಿಯಿತು, ಕ್ಯಾಮೆರಾ ಹೊರಟಿತು. ಉಳಿದ ತೂತುಗಳ ಬಗ್ಗೆ ಮಾತು ಅಲ್ಲಿಗೆ ನಿಂತಿತು.

ಇದರಲ್ಲಿ ಪಣಕ್ಕಿರೋದು ಏನು ಗೊತ್ತಾ? 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಮಂಜ್ರಾ ನದಿಯ ಮೇಲ್ದಂಡೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯೋ ನೀರು ತಂದರು. ಅದೇ ನದಿ ಕೆಳಗೆ ನಮ್ಮ ಭಾಲ್ಕಿ, ಔರಾದ್ ಕಡೆ ಬರುತ್ತೆ. ಅದೇ ಲಾವಾ, ಅದೇ ಮಳೆ. ಕಪ್ಪು ಕಲ್ಲಿನಲ್ಲಿ ನೀರು ಎಲ್ಲೆಂದರಲ್ಲಿ ಇರಲ್ಲ. ಪದರಗಳ ಸಂದಿನಲ್ಲಿ, ಬಿರುಕಿನಲ್ಲಿ, ಗುಳ್ಳೆಗುಳ್ಳೆಯಾದ ಕಲ್ಲಿನಲ್ಲಿ ಮಾತ್ರ ಇರುತ್ತೆ. ಆ ಸಂದು ಯಾವ ಆಳದಲ್ಲಿದೆ ಅಂತ ಗೊತ್ತಿದ್ದರೆ ಎಲ್ಲಿ ಕೊರೆಯಬೇಕು, ಎಲ್ಲಿಗೆ ನಿಲ್ಲಿಸಬೇಕು, ಎಲ್ಲಿ ಮಳೆನೀರು ಇಂಗಿಸಬೇಕು ಅನ್ನೋದು ಗೊತ್ತಾಗುತ್ತೆ. ಗೊತ್ತಿಲ್ಲದಿದ್ದರೆ ಸಾಲ ಮಾಡಿ ಕತ್ತಲಲ್ಲಿ ಕೊರೀತಾನೇ ಇರಬೇಕು.

ಕೇಂದ್ರ ಅಂತರ್ಜಲ ಮಂಡಳಿ ತನ್ನದೇ ಪರೀಕ್ಷಾ ಬಾವಿಗಳನ್ನು ಕೊರೆದು, ದಾಖಲಿಸಿ, 2012ರಿಂದ ದೇಶದ ಜಲಪದರಗಳ ನಕ್ಷೆ ಮಾಡುತ್ತಾ ಬಂದಿದೆ. ಒಳ್ಳೆಯ ಕೆಲಸ. ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆಯೂ ಇದೆ. ಆದರೆ ಇಲಾಖೆ ಕೊರೆಯೋದು ಬೆರಳೆಣಿಕೆ, ರೈತ ಕೊರೆಯೋದು ಲೆಕ್ಕವಿಲ್ಲದಷ್ಟು. ರೈತನ ದುಡ್ಡಿನಲ್ಲಿ ಆಗುತ್ತಿರುವ ಇಷ್ಟು ದೊಡ್ಡ ಪರೀಕ್ಷೆಯ ಫಲಿತಾಂಶವನ್ನು ಗಾಳಿಗೆ ಬಿಡ್ತಿದ್ದೀವಿ.

ಟಂಗ್‌ಸ್ಟನ್ ಕಂಪನಿ ಒಂದು ತೂತು ಕೊರೆದರೆ ಪ್ರತಿ ಮೀಟರಿಗೂ ಲೆಕ್ಕ ಇಡುತ್ತೆ. ಯಾಕಂದ್ರೆ ಅಲ್ಲಿ ಹೂಡಿದವರ ಹಣ ಇದೆ. ಔರಾದ್‌ನ ರೈತ ಹಾಕಿದ್ದೂ ಹಣವೇ ಅಲ್ವಾ? ಅದೂ ಬಡ್ಡಿಗೆ ತಂದ ಹಣ.

ಇದಕ್ಕೆ ದೊಡ್ಡ ಯೋಜನೆ ಬೇಡ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇರಲಿ. ಬೋರ್ ಕೊರೆದ ದಿನಾಂಕ, ಸರ್ವೆ ನಂಬರು, ಒಟ್ಟು ಆಳ, ಕಲ್ಲಿನ ಬಣ್ಣ ಬದಲಾದ ಆಳ, ನೀರು ಕಾಣಿಸಿದ ಆಳ, ಈ ಐದು ಅಂಕಣ ಸಾಕು. ಲಾರಿಯವನ ಬಿಲ್ಲಿನ ಹಿಂಬದಿಯಲ್ಲೇ ಇದನ್ನು ಬರೆಸಿ ಸಹಿ ಹಾಕಿಸಬಹುದು. ಫೇಲ್ ಆದ ಬೋರನ್ನು ಮೊದಲು ಬರೆಯಿರಿ, ಯಾಕಂದ್ರೆ ಪಕ್ಕದ ಹೊಲದವನ ಹಣ ಉಳಿಸೋದು ಅದೇ. ಬರೆದಾದ ಮೇಲೆ ಅದರ ಬಾಯಿ ಭದ್ರವಾಗಿ ಮುಚ್ಚಿ.

ಮುಂದಿನ ಸಲ ನಿಮ್ಮೂರಿಗೆ ಬೋರ್ ಲಾರಿ ಬಂದಾಗ ಹೈಸ್ಕೂಲಿಗೆ ಹೋಗೋ ಮಗನನ್ನೋ ಮಗಳನ್ನೋ ಒಂದು ನೋಟ್‌ಬುಕ್ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ. ಪ್ರತಿ ಇಪ್ಪತ್ತು ಅಡಿಗೆ ಒಂದು ಹಿಡಿ ಪುಡಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲೆ ಆಳ ಬರೆಯಲಿ. ಕಿಲ್ಲಾರಿಯಲ್ಲಿ ವಿಜ್ಞಾನಿಗಳು ಮಾಡಿದ್ದೂ ಮೂಲದಲ್ಲಿ ಇದನ್ನೇ.